ಅಂಗಳಕ್ಕೆ ಇಳಿ, ಪುಟ್ಟೀ

ಮೊನ್ನೆ ಫೋನಿನಲ್ಲಿ ನೀನೊಂದು ಮಾತು ಅಂದೆ: "ದೊಡ್ಡಮ್ಮಾ, ಎಲ್ಲರೂ ವಾಕಿಂಗ್ ಹೋಗು, ಹಸಿರು ನೋಡು ಅಂತಾರೆ. ಹೋದರೆ ಆ ಯೋಚನೆಗಳೂ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆಗೇ ಹೊರಡ್ತವೆ." ಅದನ್ನು ಕೇಳಿದ ಮೇಲೆ ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. ಚೈತ್ರದಲ್ಲಿ ನಿಮ್ಮಪ್ಪ ಹೋದರು. ಜೂನ್ ತಿಂಗಳಲ್ಲಿ ಆಫೀಸಿನವರು ಕೈಬಿಟ್ಟರು. ಮೊದಲನೆಯದಕ್ಕೆ ಅತ್ತು ಮುಗಿಯುವ ಮೊದಲೇ ಎರಡನೆಯದು ಬಂತು. ಇಂಥ ಹೊತ್ತಿನಲ್ಲಿ 'ಧೈರ್ಯ ತಗೋ' ಅನ್ನುವವರ ಬಾಯಿಗೆ ಬಟ್ಟೆ ತುರುಕಬೇಕು ಅನ್ನಿಸುತ್ತದೆ, ನನಗೆ ಗೊತ್ತು.

ಆದರೂ ಮೂವತ್ತೈದು ವರ್ಷ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವಳಿಗೆ ಬುದ್ಧಿ ಹೇಳುವ ಚಟ ಎಲ್ಲಿ ಬಿಡುತ್ತದೆ? ಪಟ್ಟಿ ಮಾಡಿ ಬರೆಯುತ್ತಿದ್ದೇನೆ. ಫ್ರಿಜ್ಜಿಗೆ ಅಂಟಿಸಿಕೊಂಡು ದಿನಾ ಟಿಕ್ ಹಾಕಲಿಕ್ಕೆ ಅಲ್ಲ. ಬೇಕಾದ್ದು ಇಟ್ಟುಕೋ, ಬೇಡದ್ದು ಬಿಡು.

• ಮೊದಲಿಗೆ ಆ ವಾಕಿಂಗನ್ನು ಸ್ವಲ್ಪ ದಿನ ಬಿಡು. ನಡೆಯುವುದು ಕೆಟ್ಟದ್ದು ಅಂತಲ್ಲ. ಕಾಲು ತನ್ನ ಪಾಡಿಗೆ ನಡೆಯುತ್ತದೆ, ತಲೆಗೆ ಕೆಲಸ ಇರುವುದಿಲ್ಲ, ಅದು ಕೂತು ಮೆಲುಕು ಹಾಕುತ್ತದೆ. ದನ ಮೆಲುಕು ಹಾಕಿದರೆ ಹಾಲಾದರೂ ಬರುತ್ತದೆ, ನಾವು ಹಾಕಿದರೆ ಇದ್ದ ನಿದ್ದೆಯೂ ಹೋಗುತ್ತದೆ. 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಒಂದಷ್ಟು ಜನರನ್ನು ತೊಂಬತ್ತು ನಿಮಿಷ ನಡೆಸಿ ನೋಡಿದ್ದರು. ಅರ್ಧ ಜನ ಮರಗಿಡಗಳ ನಡುವೆ, ಅರ್ಧ ಜನ ವಾಹನ ಓಡಾಡುವ ರಸ್ತೆಯ ಬದಿಯಲ್ಲಿ. ಮರಗಳ ನಡುವೆ ಹೋದವರಲ್ಲಿ ಈ ಮೆಲುಕು ಕಡಿಮೆಯಾಗಿತ್ತು, ರಸ್ತೆಯವರಲ್ಲಿ ಆಗಿರಲಿಲ್ಲ. ನೀನು ವಾಕಿಂಗ್ ಹೋಗುವುದು ಆ ಫ್ಲೈಓವರಿನ ಕೆಳಗಿನ ಫುಟ್‌ಪಾತಿನಲ್ಲಿ ತಾನೇ? ಮತ್ತೆ ಯೋಚನೆ ಎಲ್ಲಿ ಹೋದೀತು? ನಾನು ಹೇಳುವುದು ಇನ್ನೂ ಒಂದು ಹೆಜ್ಜೆ ಮುಂದಿನದು. ಮರದ ಹತ್ತಿರ ಹೋದರೆ ಸಾಲದು, ಅಲ್ಲಿ ಆಡಬೇಕು. ಆಟದಲ್ಲಿ ಕೈಗೊಂದು ಕೆಲಸ, ಕಣ್ಣಿಗೊಂದು ಗುರಿ, ಸೋತರೂ ನಷ್ಟವಿಲ್ಲದ ಒಂದು ಪಂದ್ಯ ಇರುತ್ತದೆ. ಅಷ್ಟಿದ್ದರೆ ತಲೆಗೆ ಮೆಲುಕು ಹಾಕಲು ಪುರುಸೊತ್ತು ಸಿಗುವುದಿಲ್ಲ.

• ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ನಿನ್ನ ದೊಡ್ಡಪ್ಪ ಹೋದದ್ದು 2009ರ ಶ್ರಾವಣದಲ್ಲಿ. ನಾನು ನಿವೃತ್ತಿಯಾಗಿ ಎರಡು ವರ್ಷವಾಗಿತ್ತು, ವಯಸ್ಸು ಅರವತ್ತು. ಆಮೇಲೆ ಐದು ತಿಂಗಳು ನಾನು ಜಗಲಿಯ ಕಂಬಕ್ಕೆ ಒರಗಿ ಕೂತವಳು ಎದ್ದದ್ದು ಊಟಕ್ಕೆ, ಬಚ್ಚಲಿಗೆ ಮಾತ್ರ. ಆ ಕಂಬದಲ್ಲಿ ನನ್ನ ತಲೆ ತಾಗುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಈಗಲೂ ಇದೆ, ಬಂದಾಗ ತೋರಿಸುತ್ತೇನೆ. ಸಂಕ್ರಾಂತಿಯ ಹಿಂದುಮುಂದು ಒಂದು ಸಂಜೆ, ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗ ಮತ್ತು ಅವನ ಅಕ್ಕ ನಮ್ಮ ಅಂಗಳದಲ್ಲಿ ಹಾಳೆ ಎಳೆಯುತ್ತಿದ್ದರು. ನಿನಗೆ ನೆನಪಿದೆಯಲ್ಲ, ಬಿದ್ದ ಅಡಿಕೆ ಸೋಗೆಯ ಹಾಳೆಯ ಮೇಲೆ ಒಬ್ಬರು ಕೂರುವುದು, ಇನ್ನೊಬ್ಬರು ಸೋಗೆಯ ತುದಿ ಹಿಡಿದು ಎಳೆದುಕೊಂಡು ಓಡುವುದು. ಹುಡುಗ ನಡುವೆ ನಿಂತು ಸೊಂಟದ ಮೇಲೆ ಕೈಯಿಟ್ಟು ನನಗೆ ಹೇಳಿದ: "ಅಜ್ಜೀ, ಇವಳು ಭಾರ ಇಲ್ಲ, ಎಳೆದರೆ ಮಜಾ ಬರಲ್ಲ. ನೀವು ಕೂತ್ಕಳಿ."

ಯಾಕೆ ಎದ್ದೆನೋ ಇವತ್ತಿಗೂ ಗೊತ್ತಿಲ್ಲ. ಸೆರಗು ಸಿಕ್ಕಿಸಿಕೊಂಡು ಹೋಗಿ ಕೂತೆ. ಮೊದಲು ಹಾಳೆ ಅಲ್ಲಾಡಲೇ ಇಲ್ಲ. ಇಬ್ಬರೂ ಸೇರಿ ಹಲ್ಲು ಕಚ್ಚಿ ಎಳೆದರು. ಒಮ್ಮೆಲೇ ಬಿಟ್ಟುಕೊಂಡು ಜಾರಿತು ನೋಡು, ಸಗಣಿ ಸಾರಿಸಿದ ಅಂಗಳದ ಮೇಲೆ ಸರ್‍ರ್ ಅಂತ, ತುಳಸಿಕಟ್ಟೆ ದಾಟಿ, ಬಾವಿಕಟ್ಟೆಯ ಕಡೆ ತಿರುಗುವಾಗ ನಾನು ಹಾಳೆಯಿಂದ ಹೊರಗೆ ಉರುಳಿ ಬಿದ್ದೆ. ಬಿದ್ದಲ್ಲೇ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಾ ನಗುತ್ತಾ ಅದು ಅಳುವಾಯಿತು. ಮಕ್ಕಳು ಹೆದರಿ ಓಡಿಹೋದರು. ಐದು ತಿಂಗಳಲ್ಲಿ ಅಷ್ಟು ಅತ್ತಿರಲಿಲ್ಲ ನಾನು, ಬಂದವರ ಎದುರು ಒಣ ಕಣ್ಣಿನಲ್ಲೇ ಕೂತಿದ್ದೆ. ಆ ರಾತ್ರಿ ಎರಡು ತುತ್ತು ಅನ್ನ ಹೆಚ್ಚೇ ಉಂಡೆ. ಮಾರನೇ ದಿನ ಮೊಣಕೈ ತರಚಿದ್ದು ಉರಿಯುತ್ತಿತ್ತು, ಆ ಉರಿಯೂ ಒಂದು ಥರ ಚೆನ್ನಾಗಿತ್ತು. ದುಃಖ ಹೋಯಿತು ಅಂತ ನಾನು ಹೇಳುತ್ತಿಲ್ಲ. ಹದಿನೈದು ನಿಮಿಷ ಅದು ನನ್ನ ಎದೆಯಿಂದ ಎದ್ದು ಪಕ್ಕದಲ್ಲಿ ಕೂತಿತ್ತು.

• 'ಅಪ್ಪ ಸತ್ತು ವರ್ಷ ತುಂಬಿಲ್ಲ, ಇವಳು ಪಾರ್ಕಿನಲ್ಲಿ ಆಡ್ತಾಳೆ' ಅಂತ ಯಾರಾದರೂ ಅಂದಾರು ಅನ್ನುವ ಭಯ ಇದೆಯಲ್ಲ, ಅದೇ ದೊಡ್ಡ ಅಡ್ಡಿ. ನನ್ನ ಹಾಳೆ ಸವಾರಿಯ ಸುದ್ದಿ ಮಾರನೇ ಬೆಳಿಗ್ಗೆ ಹಾಲಿನ ಡೈರಿಯ ತನಕ ಹೋಗಿತ್ತು. 'ಟೀಚರಮ್ಮನಿಗೆ ಸ್ವಲ್ಪ ತಲೆ…' ಅಂದವರೂ ಇದ್ದರು. ಒಂದು ವಾರ ಮಾತಾಡಿದರು, ಆಮೇಲೆ ಬೇರೆ ಯಾರದ್ದೋ ಮನೆಯ ಪಾಲಿನ ಜಗಳ ಬಂತು, ನನ್ನನ್ನು ಬಿಟ್ಟರು. ಹೊರಗಿನವರಿಗಿಂತ ಕಷ್ಟ ಒಳಗಿನವರದ್ದು: 'ನಗಬಹುದಾ ನಾನು?' ಅಂತ ನಾವೇ ಕೇಳಿಕೊಳ್ಳುವುದು. ನಿಮ್ಮಪ್ಪನನ್ನು ನಾನು ನಲವತ್ತೈದು ವರ್ಷದಿಂದ ಬಲ್ಲೆ. ಗಾಳಿಪಟದ ದಾರಕ್ಕೆ ಗಾಜಿನ ಪುಡಿ ಮೆತ್ತಿ ಬೆರಳು ಕೊಯ್ದುಕೊಂಡ ಮನುಷ್ಯ ಅವರು, ಅದೂ ನಿನ್ನ ನಾಮಕರಣದ ದಿನ. ಅವರ ಅನುಮತಿ ನಿನಗೆ ಯಾವಾಗಲೋ ಸಿಕ್ಕಿದೆ.

• ಫೋನು ಮನೆಯಲ್ಲಿ ಬಿಡು. ಹೆಜ್ಜೆ ಎಣಿಸುವ ಆ ಕೈಗಡಿಯಾರವನ್ನೂ.

• ಏಳಲೇ ಆಗದ ದಿನಗಳು ಇರುತ್ತವೆ. ಆ ದಿನ ಹೊರಗೆ ಹೋಗಲೇಬೇಕು ಅಂತ ನಿನ್ನನ್ನು ನೀನೇ ಬಯ್ದುಕೊಳ್ಳಬೇಡ. ಮಂಚವನ್ನು ಕಿಟಕಿಯ ಹತ್ತಿರ ಎಳೆದುಕೋ, ಅಷ್ಟು ಮಾಡು. ನಿನ್ನ ದೊಡ್ಡಪ್ಪ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದರು. ಅವರ ಕಿಟಕಿಯಿಂದ ಕಾಣುತ್ತಿದ್ದದ್ದು ಪಾಚಿ ಹಿಡಿದ ಒಂದು ಗೋಡೆ, ನಾಲ್ಕು ಎ.ಸಿ. ಡಬ್ಬಿ. ಆಮೇಲೆ ಎಷ್ಟೋ ವರ್ಷದ ಮೇಲೆ ರೋಜರ್ ಉಲ್ರಿಚ್ ಅನ್ನುವವರ ಅಧ್ಯಯನದ ವಿಷಯ ಓದಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ತೆಗೆದು ನೋಡಿದರಂತೆ. ಅರ್ಧ ಜನರ ಕಿಟಕಿಗೆ ಮರ ಕಾಣುತ್ತಿತ್ತು, ಅರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಹೆಚ್ಚುಕಡಿಮೆ ಒಂದು ದಿನ ಮೊದಲೇ ಮನೆಗೆ ಹೋದರು, ನೋವಿನ ಗಟ್ಟಿ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ಅದು ಪ್ರಕಟವಾದದ್ದು 1984ರಲ್ಲಿ. ಅದನ್ನು ಓದಿ ಪೇಪರ್ ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಿನ್ನ ಕಿಟಕಿಗೆ ಒಂದು ಹೊಂಗೆ ಮರವಾದರೂ ಕಾಣುತ್ತದೆ. ಅದರಲ್ಲಿ ಅಳಿಲು ಎಷ್ಟು ಸಲ ಇಳಿಯುತ್ತದೆ, ಹತ್ತುತ್ತದೆ ಅಂತ ನಿನ್ನ ಗಂಡನ ಹತ್ತಿರ ಬಾಜಿ ಕಟ್ಟು. ಸೋತವರು ಪಾತ್ರೆ ತೊಳೆಯುವುದು.

• ಒಂದು ಮುಷ್ಟಿ ಮೆಂತ್ಯ ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದು ಅಗಲ ಡಬ್ಬಿಯ ಮಣ್ಣಿನ ಮೇಲೆ ಚೆಲ್ಲು. ಮೇಲೆ ತೆಳ್ಳಗೆ ಮಣ್ಣು ಉದುರಿಸು, ನೀರು ಚಿಮುಕಿಸು. ಮೂರು ನಾಲ್ಕನೇ ದಿನಕ್ಕೆ ಮೊಳಕೆ ಬೆನ್ನು ಬಗ್ಗಿಸಿಕೊಂಡು ಮಣ್ಣು ಎತ್ತುತ್ತದೆ. ಒಂದೊಂದರ ತಲೆಯ ಮೇಲೆ ಬೀಜದ ಸಿಪ್ಪೆ ಇನ್ನೂ ಟೊಪ್ಪಿಯಂತೆ ಕೂತಿರುತ್ತದೆ. ಯಾವುದು ಮೊದಲು ಟೊಪ್ಪಿ ಬೀಳಿಸುತ್ತದೆ ನೋಡುವುದೇ ಆಟ. ಕೆಲಸ ಹೋದವರಿಗೆ ಬೆಳಿಗ್ಗೆ ಏಳಲು ಕಾರಣ ಬೇಕಾಗುತ್ತದೆ, ಅದಕ್ಕೆ ಇಷ್ಟು ಸಣ್ಣ ಕಾರಣವೂ ಸಾಲುತ್ತದೆ. ಮೂರು ವಾರಕ್ಕೆ ಕೊಯ್ದು ತೊವ್ವೆಗೆ ಹಾಕು. ಕೊತ್ತಂಬರಿ ಬೇಡ. ಅದು ಹುಟ್ಟಲು ಹತ್ತು ದಿನ ಸತಾಯಿಸುತ್ತದೆ, ಈಗಿನ ನಿನ್ನ ಮನಸ್ಸಿಗೆ ಅಷ್ಟು ತಾಳ್ಮೆ ಇರಲಿಕ್ಕಿಲ್ಲ.

• ಬೆಂಗಳೂರಿನಲ್ಲಿ ಆಡಲು ಏನಿದೆ ಅನ್ನಬೇಡ. ನಿಮ್ಮೂರಿನ ರಸ್ತೆ ಬದಿಯ ಎಷ್ಟೋ ಮರಗಳು ನಮ್ಮ ಕಾಡಿನವಲ್ಲ, ಎಲ್ಲೆಲ್ಲಿಂದಲೋ ಬಂದವು, ಆದರೆ ಆಟಕ್ಕೆ ಅವನ್ನು ಮೀರಿಸಿದ್ದಿಲ್ಲ. ನೀರುಕಾಯಿ ಮರ ಗೊತ್ತಲ್ಲ, ಕಿತ್ತಳೆಗೆಂಪು ಹೂವಿನದ್ದು? ಬಿದ್ದ ಮೊಗ್ಗಿನ ತುದಿ ಚಿವುಟಿ ಒತ್ತಿದರೆ ಪಿಚಕಾರಿಯ ಹಾಗೆ ನೀರು ಹಾರುತ್ತದೆ. ಬಿಳಿ ಬಟ್ಟೆಯವರ ಮೇಲೆ ಬೇಡ, ಕಲೆ ಹೋಗುವುದಿಲ್ಲ. ಗುಲ್‌ಮೊಹರ್ ಹೂವಿನಲ್ಲಿ ಹತ್ತು ಕೇಸರ ಇರುತ್ತವೆ. ನೀನೊಂದು, ನಿನ್ನ ಗಂಡ ಒಂದು ಹಿಡಿದು ತಲೆಗೆ ತಲೆ ಸಿಕ್ಕಿಸಿ ಎಳೆಯಿರಿ. ಯಾರದ್ದು ತಲೆ ಉದುರಿತೋ ಅವರು ಸೋತರು. ಕ್ಲಾಸಿನಲ್ಲಿ ಇದನ್ನು ಆಡುತ್ತಿದ್ದ ಹುಡುಗರ ಕಿವಿ ಹಿಂಡಿದ್ದೇನೆ, ದೇವರು ನನ್ನನ್ನು ಕ್ಷಮಿಸಲಿ. ಖಾಲಿ ಸೈಟುಗಳಲ್ಲಿ ಎಕ್ಕ ಬೆಳೆದಿರುತ್ತದೆ. ಅದರ ಕಾಯಿ ಒಣಗಿ ಒಡೆದಾಗ ಹಾರುವ ಅಜ್ಜನ ಗಡ್ಡವನ್ನು ನೆಲಕ್ಕೆ ಬೀಳದ ಹಾಗೆ ಊದಿಕೊಂಡು ಹೋಗು, ಎಷ್ಟು ದೂರ ಆಗುತ್ತದೋ. ಗಿಡದ ಹಾಲು ಮಾತ್ರ ಕಣ್ಣಿಗೆ ತಾಗಬಾರದು.

ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಬಂಡೆಗೆ ಹೋಗು. ಜನ ಗಾಜಿನ ಮನೆಯ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಬಂಡೆಯ ಕಡೆ ಗಮನವೇ ಇಲ್ಲ. ಹೈದರಾಲಿ 1760ರಲ್ಲಿ ಆ ತೋಟ ಶುರುಮಾಡಿದ. ಬಂಡೆ ಅಲ್ಲಿ ಬಂದು ಕೂತು ಸುಮಾರು ಮುನ್ನೂರು ಕೋಟಿ ವರ್ಷವಾಗಿದೆ. ಚಪ್ಪಲಿ ಬಿಚ್ಚಿ ಹತ್ತು. ಬಿಸಿಲು ಬಿದ್ದ ಕಡೆ, ನೆರಳಿನ ಕಡೆ ಕಾಲಿಗೆ ಎಲ್ಲಿ ಬಿಸಿ, ಎಲ್ಲಿ ತಣ್ಣಗೆ ಅಂತ ಕಣ್ಣು ಮುಚ್ಚಿಕೊಂಡು ಪತ್ತೆಮಾಡು. ಇಳಿಯುವಾಗ, ಯಾರೂ ನೋಡದಿದ್ದರೆ, ಸ್ವಲ್ಪ ದೂರ ಕೂತುಕೊಂಡೇ ಜಾರು.

• ಎಷ್ಟು ಹೊತ್ತು ಅಂತ ಕೇಳುತ್ತೀಯ, ನೀನು ಲೆಕ್ಕದವಳು. ಇಂಗ್ಲೆಂಡಿನಲ್ಲಿ ಸುಮಾರು ಇಪ್ಪತ್ತು ಸಾವಿರ ಜನರ ಮಾಹಿತಿ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ವಾರಕ್ಕೆ ಒಟ್ಟು 120 ನಿಮಿಷವಾದರೂ ಹಸಿರಿನಲ್ಲಿ ಕಳೆದವರು 'ಚೆನ್ನಾಗಿದ್ದೇವೆ' ಅನ್ನುವುದು ಹೆಚ್ಚು. ಒಂದೇ ಸಲ ಎರಡು ಗಂಟೆಯಾದರೂ ಸರಿ, ಚೂರುಚೂರಾದರೂ ಸರಿ. ಚೆನ್ನಾಗಿದ್ದವರೇ ಹೊರಗೆ ಹೋಗುತ್ತಾರೋ, ಹೊರಗೆ ಹೋದದ್ದರಿಂದ ಚೆನ್ನಾದರೋ, ಅದನ್ನು ಆ ಲೆಕ್ಕ ಹೇಳುವುದಿಲ್ಲ. ಆದರೂ ದಿನಕ್ಕೆ ಹದಿನೇಳು ಹದಿನೆಂಟು ನಿಮಿಷ ಅಂದರೆ ಕುಕ್ಕರ್ ಇಟ್ಟು ಕೂಗಿಸಿ ಇಳಿಸುವಷ್ಟು ಹೊತ್ತು. ಆಟ ರುಚಿಸಿದ ದಿನ ಇದು ತಾನಾಗಿ ಮೀರುತ್ತದೆ, ರುಚಿಸದ ದಿನ ಐದೇ ನಿಮಿಷಕ್ಕೆ ವಾಪಸು ಬಾ.

• ಒಂದು ಮಗುವನ್ನು ಸಂಪಾದಿಸು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಶನಿವಾರ ಎರಡು ತಾಸು ಮಕ್ಕಳನ್ನು ಯಾರಾದರೂ ನೋಡಿಕೊಂಡರೆ ಸಾಕಪ್ಪಾ ಅನ್ನುವ ತಾಯಂದಿರು ಎಷ್ಟು ಬೇಕಾದರೂ ಸಿಗುತ್ತಾರೆ. ಆದರೆ ಮಗುವಿಗೆ ಕಲಿಸಲು ಹೋಗಬೇಡ. ನನ್ನ ರೋಗವೇ ಅದು: ಮಗು ಹಕ್ಕಿ ನೋಡುತ್ತಿದ್ದರೆ 'ಅದು ಮಡಿವಾಳ ಹಕ್ಕಿ, ಎಲ್ಲಿ ಹೇಳು ನೋಡೋಣ' ಅನ್ನುತ್ತಿದ್ದೆ, ಅಷ್ಟರಲ್ಲಿ ಹಕ್ಕಿ ಹಾರಿಹೋಗುತ್ತಿತ್ತು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿದ್ದು ಆಟವೇ ಪಾಠ ಅಂತ ನಂಬಿ. ನಾನು ಅಲ್ಲಿಗೆ ಶಾಲೆಯ ಪ್ರವಾಸ ಕರೆದುಕೊಂಡು ಹೋಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಾರಂತರ ಕೃತಿಗಳ ಹೆಸರು ಬಾಯಿಪಾಠ ಹೇಳಿಸಿದೆ! ಮಗು ಹೇಳಿದ ಹಾಗೆ ಕೇಳು. ಕಲ್ಲು ಜೋಡಿಸು ಅಂದರೆ ಜೋಡಿಸು, ನೀನು ಈಗ ಇರುವೆ ಅಂದರೆ ಇರುವೆಯಾಗು. ಬೇರೆಯವರು ಹೇಳಿದ ಹಾಗೆ ಕೇಳಿ ಸಂಬಳ ಪಡೆದವಳು ನೀನು, ಮಗುವಿನ ಮಾತನ್ನು ಸಂಬಳವಿಲ್ಲದೆ ಕೇಳಿದರೆ ಏನೋ ಹಗುರವಾಗುತ್ತದೆ.

• ಮಗು ಸಿಗದಿದ್ದರೆ ಕಾಯುವ ಆಟ ಆಡು. ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಮೀನಿಗೆ ಗಾಳ ಹಾಕಿ ಕೂರುತ್ತಿದ್ದರು, ಹಕ್ಕಿ ಫೋಟೋಗೆ ಗಂಟೆಗಟ್ಟಲೆ ಕಾಯುತ್ತಿದ್ದರು. ಅದನ್ನು ಯಾರೂ ವಾಕಿಂಗ್ ಅನ್ನಲಿಲ್ಲ, ಯೋಗ ಅನ್ನಲಿಲ್ಲ. ನಿನಗೆ ಗಾಳ ಬೇಡ. ಇರುವೆ ಗೂಡಿನಿಂದ ಎರಡು ಮಾರು ದೂರದಲ್ಲಿ ನಾಲ್ಕು ಕಾಳು ರವೆ ಇಡು. ಮೊದಲ ಇರುವೆ ಬಂದು, ಮುಟ್ಟಿ ನೋಡಿ, ವಾಪಸು ಓಡಿ, ನೆಂಟರನ್ನು ಕರೆತರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡು. ನನ್ನ ಅನುಭವದಲ್ಲಿ ಸಕ್ಕರೆಗೆ ಬೇಗ ಬರುತ್ತವೆ, ರವೆಗೆ ಚರ್ಚೆ ಜಾಸ್ತಿ.

• ಈಗ ಮಳೆಗಾಲ. ಸಣ್ಣ ಮಳೆಯಲ್ಲಿ ಕೊಡೆ ಬಿಟ್ಟು ಐದು ನಿಮಿಷ ನಿಲ್ಲು, ಆಮೇಲೆ ತಲೆ ಒರೆಸಿಕೊಂಡು ಬಿಸಿ ಕಷಾಯ ಕುಡಿ. ಕಾಗದದ ದೋಣಿ ಮರೆತಿಲ್ಲ ತಾನೇ? ಆಫೀಸಿನವರು ಕೊಟ್ಟ ರಿಲೀವಿಂಗ್ ಲೆಟರಿನ ಜೆರಾಕ್ಸ್ ತೆಗೆದು ಅದರಲ್ಲೇ ಮಾಡು. ಅಸಲು ಬೇಡ, ಮುಂದಿನ ಕಡೆ ಸೇರುವಾಗ ಕೇಳುತ್ತಾರೆ. ಗೇಟಿನ ಹತ್ತಿರ ಹರಿಯುವ ನೀರಿನಲ್ಲಿ ಬಿಡು. ಮೊದಲನೆಯದು ಮುಳುಗುತ್ತದೆ, ಅಡಿ ಅಗಲ ಸಾಲದೆ. ಎರಡನೆಯದಕ್ಕೆ ಅಡಿ ಬಿಡಿಸಿ ಮಡಚು. ನಮ್ಮ ಕಡೆ ಈಗ ದರೆಯ ಮೇಲೆ ಕರ್ಣಕುಂಡಲ ಹೂ ಬಿಟ್ಟಿದೆ. ಕಾಯಾದ ಮೇಲೆ ಮುಟ್ಟಿದರೆ ಟಪ್ಪಂತ ಸಿಡಿದು ಬೀಜ ಹಾರಿಸುತ್ತದೆ. ಪೇಟೆಗೆ ಹೊರಟವಳು ಅದನ್ನು ಸಿಡಿಸುತ್ತಾ ನಿಂತು ಹೋದ ವರ್ಷ ಎರಡು ಬಸ್ಸು ತಪ್ಪಿಸಿಕೊಂಡಿದ್ದೇನೆ.

• ಆಟ ಅಂತ ಎಚ್ಚರ ತಪ್ಪಬಾರದು. ಕೆರೆಗೆ ಕಲ್ಲೆಸೆ, ಇಳಿಯಬೇಡ. ಬೆಂಗಳೂರಿನ ಕೆರೆಯ ನೀರಿಗಂತೂ ಕೈಯನ್ನೂ ಅದ್ದಬೇಡ. ಗುಡುಗುವಾಗ ಮರದ ಕೆಳಗೆ ನಿಲ್ಲಬೇಡ. ಕಾಲಿನಲ್ಲಿ ಗಾಯವಿದ್ದರೆ ಕೆಸರಿಗೆ ಇಳಿಯಬೇಡ, ಇಲಿ ಜ್ವರ ಹತ್ತುವುದು ಹಾಗೆಯೇ. ಗುಲಗಂಜಿ ನೋಡಲು ಚೆಂದ, ಮಕ್ಕಳು ಬಾಯಿಗೆ ಹಾಕಿ ಅಗಿದರೆ ವಿಷ. ನಮ್ಮೂರಿಗೆ ಬಂದಾಗ ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಕಾಡಿನ ದರಗಿನ ಮೇಲೆ ಕೂರುವ ಹಾಗಿಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣುಗಿನಿಂದ ಬರುವ ಆ ಜ್ವರಕ್ಕೆ 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಜನ ತೀರಿಹೋದರು. ತೋಟಕ್ಕೆ ಹೋಗುವುದಿದ್ದರೆ ಉದ್ದ ತೋಳು, ಉದ್ದ ಕಾಲಿನ ಬಟ್ಟೆ, ಆಸ್ಪತ್ರೆಯವರು ಕೊಡುವ ಎಣ್ಣೆ, ಬಂದ ತಕ್ಷಣ ಬಿಸಿನೀರು ಸ್ನಾನ. ಇಂಬಳ ಕಚ್ಚಿದರೆ ಕೂಗಬೇಡ, ಉಪ್ಪು ಹಾಕಿದರೆ ಬಿಡುತ್ತದೆ.

• ಇದೊಂದನ್ನು ಗಂಭೀರವಾಗಿ ಓದು. ಆಟ ಔಷಧಿಯ ಬದಲಿಗೆ ಅಲ್ಲ. ಹಾಳೆಯ ಮೇಲೆ ಕೂತು ನಕ್ಕ ನಾನೇ ಮುಂದಿನ ತಿಂಗಳು ಮನೋವೈದ್ಯರ ಹತ್ತಿರ ಹೋದೆ, ಆರು ತಿಂಗಳು ಮಾತ್ರೆ ತೆಗೆದುಕೊಂಡೆ. ನಿನ್ನ ಅಮ್ಮನಿಗೂ ಹೇಳಿರಲಿಲ್ಲ, ಈಗ ನಿನಗೆ ಹೇಳುತ್ತಿದ್ದೇನೆ. ಎರಡು ವಾರ ದಾಟಿದರೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸೆಯೇ ಇಲ್ಲದಿದ್ದರೆ, ಮೆಂತ್ಯದ ಡಬ್ಬಿಯ ಕಡೆ ನೋಡಲೂ ಬೇಸರವಾದರೆ ಡಾಕ್ಟರ ಹತ್ತಿರ ಹೋಗು. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ತಲೆಯಲ್ಲಿ ಹಾದುಹೋದರೂ ಮಾರನೇ ದಿನದವರೆಗೆ ಕಾಯಬೇಡ. ಗಂಡನನ್ನು ಎಬ್ಬಿಸು, ಅಥವಾ ನನಗೆ ಫೋನ್ ಮಾಡು, ರಾತ್ರಿ ಎರಡು ಗಂಟೆಯಾದರೂ ಎತ್ತುತ್ತೇನೆ. 14416 ಅನ್ನುವ ನಂಬರ್ ಬರೆದಿಟ್ಟುಕೋ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, 2022ರಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ, ಹಗಲುರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮೂರಿನಲ್ಲೇ ನಿಮ್ಹಾನ್ಸ್ ಇದೆ, ಅಲ್ಲಿಗೆ ಹೋಗುವುದಕ್ಕೆ ನಾಚಿಕೆ ಏನು? ಹಲ್ಲು ನೋವಿಗೆ ಹೋಗುವುದಿಲ್ಲವೇ? ಮಾತ್ರೆ ಕೊಟ್ಟರೆ, 'ಈಗ ಆರಾಮಿದ್ದೇನೆ, ಪಾರ್ಕಿಗೆ ಹೋದರೆ ಸಾಕು' ಅಂತ ನಿನಗೆ ನೀನೇ ನಿಲ್ಲಿಸಬೇಡ.

• ದೀಪಾವಳಿ ಹೊತ್ತಿಗೆ ಬಾ. ಈ ವರ್ಷ ನಿಮಗೆ ಹಬ್ಬವಿಲ್ಲ ಅಂತ ಗೊತ್ತು. ಹಬ್ಬಕ್ಕೆ ಅಂತ ಬರಬೇಡ, ಹಾಳೆಗೆ ಅಂತ ಬಾ. ಕೊನೆಕೊಯ್ಲಿಗೆ ಅಂತ ಅಷ್ಟರಲ್ಲಿ ಅಂಗಳ ಕೆತ್ತಿ, ಬಡಿದು, ಸಾರಿಸಿ ಹದ ಮಾಡಿರುತ್ತಾರೆ. ತೋಟದಲ್ಲಿ ಅಗಲದ ಹಾಳೆ ಬಿದ್ದರೆ ತಟ್ಟೆ ಮಾಡುವವರಿಗೆ ಕೊಡದೆ ಎತ್ತಿಡಲು ಆಳಿಗೆ ಹೇಳಿದ್ದೇನೆ. ಆವತ್ತು ನನ್ನನ್ನು ಎಳೆದ ಹುಡುಗ ಈಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾನೆ, ರಜೆಗೆ ಬರುತ್ತಾನೆ, ನಿನ್ನನ್ನು ಎಳೆಯಲು ಒಪ್ಪಿಕೊಂಡಿದ್ದಾನೆ. ನನ್ನನ್ನು ಮಾತ್ರ ಎಳೆಯುವುದಿಲ್ಲವಂತೆ, ಮಂಡಿ ಆಪರೇಷನ್ ಆದ ಅಜ್ಜಿ ಅಂತ ನೆಪ. ನೀನು ಬಂದ ಮೇಲೆ ಇಬ್ಬರೂ ಸೇರಿ ಅವನನ್ನು ಒಪ್ಪಿಸೋಣ. ಹಳೆಯ ಚೂಡಿದಾರ ಒಂದು ತಾ, ಹಿಂಭಾಗ ಹರಿಯುತ್ತದೆ.